ಅದು ಹಂಗೇ

ನಂಜನಗೂಡಿಗೆ ಹೊರಟಿದ್ದೆವು. ರಿಂಗ್ ರೋಡ್ ದಾಟುವ ಮೊದಲೇ ಇವಳು ಶುರು ಮಾಡಿದಳು.

"ರೀ, ಅದೇನ್ರೀ ಅದು, ಹಳದಿ ಲೈಟು?"

"ಅದು ಹಂಗೇ," ಅಂದೆ.

ನಾಲ್ಕು ತಿಂಗಳಿಂದ ನಾನು ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು. ಬೀಗರಿಗೆ ಹೇಳಿದ್ದೇನೆ, ತಂಗಿಯ ಮಕ್ಕಳಿಗೆ ಹೇಳಿದ್ದೇನೆ, ಲಿಫ್ಟ್ ಕೇಳಿ ಹತ್ತಿದ ಪುರೋಹಿತರಿಗೂ ಹೇಳಿದ್ದೇನೆ. ಅವರು ಪಾಪ, ಇಳಿಯುವವರೆಗೂ ಬಾಗಿಲಿನ ಹಿಡಿ ಬಿಡಲಿಲ್ಲ. ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳಬೇಕಾದ ದೀಪ ಅದು. ಅದರ ಚಿತ್ರ ಅಡ್ಡ ಕೊಯ್ದ ಟೈರಿನದಂತೆ. ನನಗೆ ಅದು ಕುಡಿಕೆಯ ಹಾಗೆ ಕಾಣುತ್ತದೆ. ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಕುಡಿಕೆಗೆ ಅದೇನು ಆಶ್ಚರ್ಯವೋ.

ಕಾರು ನನ್ನದಲ್ಲ, ಮಗನದು. ಬೆಂಗಳೂರಿನಲ್ಲಿದ್ದಾಗ ಒಂದು ಶನಿವಾರ ಜೆ.ಸಿ. ರಸ್ತೆಗೆ ಹೋಗಿ, ಕಾರಿನ ಜೊತೆ ಬಂದಿದ್ದ 16 ಇಂಚಿನ ಚಕ್ರಗಳನ್ನು ಬಿಚ್ಚಿಸಿ 17 ಇಂಚಿನ ಅಲಾಯ್ ಹಾಕಿಸಿಕೊಂಡ. ಕಪ್ಪು ಬಣ್ಣ. ಚಕ್ಕುಲಿ ಒರಳಿನ ಬಿಲ್ಲೆಯ ಹಾಗಿನ ವಿನ್ಯಾಸ. ಹಳೆಯ ಚಕ್ರಗಳ ಒಳಗೆ ಗಾಳಿ ಅಳೆಯುವ ನಾಲ್ಕು ಸೆನ್ಸರ್ ಇದ್ದವು. "ಬಿಚ್ಚೋಕೆ ಹೋದ್ರೆ ಮುರಿಯುತ್ತೆ ಸಾರ್, ಹೊಸದೇ ತರಿಸಬೇಕು" ಎಂದು ಅಂಗಡಿಯವನು ನಾಲ್ಕಕ್ಕೆ ಒಂದು ರೇಟು ಹೇಳಿದ. ಚಕ್ರಕ್ಕೆ ಅಷ್ಟೊಂದು ಸುರಿದಿದ್ದ ಮಗ ಅಲ್ಲಿ ಮಾತ್ರ ನನ್ನ ಮಗನಾದ. ಬೇಡ ಅಂದ. ಆಮೇಲೆ ಅವನಿಗೆ ಪುಣೆಗೆ ವರ್ಗವಾಯಿತು. ಕಾರು ಮೈಸೂರಿಗೆ ಬಂತು. ಹಳೆಯ ನಾಲ್ಕು ಚಕ್ರ ಟೈರ್ ಸಮೇತ ನಮ್ಮ ಮಹಡಿ ಮೆಟ್ಟಿಲ ಕೆಳಗೆ ಬಂದು ಕೂತವು. ಲೈಟು ನನ್ನ ಪಾಲಿಗೆ ಬಂತು.

ಫೋನಿನಲ್ಲಿ ಕೇಳಿದರೆ ಪಾಠ ಮಾಡುತ್ತಾನೆ. "ಅಪ್ಪ, ಗಾಳಿ ನಿಜವಾಗ್ಲೂ ಕಮ್ಮಿಯಾದ್ರೆ ಲೈಟು ಸುಮ್ನೆ ಬಂದು ನಿಲ್ಲುತ್ತೆ. ಸೆನ್ಸರೇ ಸಿಗದಿದ್ರೆ ಮೊದಲು ಒಂದು ನಿಮಿಷ ಮಿಣಮಿಣ ಅನ್ನುತ್ತೆ, ಆಮೇಲೆ ನಿಲ್ಲುತ್ತೆ. ವ್ಯತ್ಯಾಸ ಇದೆ." ಇರಬಹುದು. ಆದರೆ ಆ ಒಂದು ನಿಮಿಷ ನಾನು ಗೇಟಿನಿಂದ ಕಾರು ಹೊರಗೆ ತೆಗೆಯುತ್ತಾ, ಬೀದಿನಾಯಿಯನ್ನು ಗದರಿಸುತ್ತಾ ಇರುತ್ತೇನೆ. ಅಪಾಯ ಅನ್ನುವುದಕ್ಕೂ ಒಂದೇ ದೀಪ, ನನಗೇನೂ ಗೊತ್ತಿಲ್ಲ ಅನ್ನುವುದಕ್ಕೂ ಅದೇ ದೀಪ. ನಾನು 34 ವರ್ಷ ಸರ್ಕಾರಿ ಕಚೇರಿಯಲ್ಲಿದ್ದವನು. ಗೊತ್ತಿಲ್ಲ ಅನ್ನುವುದಕ್ಕೆ ಅಲ್ಲಿ ಯಾರೂ ದೀಪ ಹಚ್ಚುತ್ತಿರಲಿಲ್ಲ. 'ಪರಿಶೀಲನೆಯಲ್ಲಿದೆ' ಎಂದು ಬರೆದು ಫೈಲು ಕಟ್ಟಿಡುತ್ತಿದ್ದೆವು. ಎಷ್ಟು ನೆಮ್ಮದಿ.

ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಕಾಟ. ಅಲ್ಲಿನ ಹುಡುಗ ಕಿಟಕಿಯಿಂದ ಇಣುಕಿ, ಲೈಟು ನೋಡಿ, ಖುಷಿಯಾಗುತ್ತಾನೆ. "ನೈಟ್ರೋಜನ್ ಹಾಕಿಸಿಬಿಡಿ ಸಾರ್." ನಾವು ಬಿಟ್ಟಿಯಾಗಿ ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ ಕಣಪ್ಪ, ಮಿಕ್ಕ 22ಕ್ಕೆ ನಾನು ಯಾಕೆ ದುಡ್ಡು ಕೊಡಲಿ ಅಂದೆ. ಅವನು ನನ್ನ ಮುಖವನ್ನೂ ಲೈಟನ್ನೂ ನೋಡಿ, "ಹಂಗಾದ್ರೆ ಬಿಡಿ ಸಾರ್, ನಿಮ್ಮಿಷ್ಟ" ಅಂದ. ಆ 'ನಿಮ್ಮಿಷ್ಟ' ಇದೆಯಲ್ಲ, ಅದು ಆಸ್ಪತ್ರೆಗಳಲ್ಲಿ ಕೇಳಿಬರುವ ಧಾಟಿಯದು.

ಎದುರುಮನೆಯವರಂತೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ನಾಲ್ಕೂ ಟೈರಿಗೆ ಚಪ್ಪಲಿ ಕಾಲಿನಿಂದ ಒಂದೊಂದು ಒದೆ ಕೊಡುತ್ತಾರೆ. ಒದ್ದು ಏನು ತಿಳಿದುಕೊಂಡರು ಎಂದು ನಾನು ಕೇಳಿಲ್ಲ. ಅವರೂ ಹೇಳಿಲ್ಲ. ಗಂಭೀರವಾಗಿ ತಲೆ ಆಡಿಸಿ ಹಾಲು ತರಲು ಹೋಗುತ್ತಾರೆ.

ಹಾಗೆ ನೋಡಿದರೆ ಈ ದೀಪದ ಹಿಂದೆ ದೊಡ್ಡ ಸಂಕಟವೇ ಇದೆ. ಅಮೆರಿಕದಲ್ಲಿ ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು, ಗಾಡಿಗಳು ಮಗುಚಿ, ಜನ ಸತ್ತ ಮೇಲೆ 2000ದಲ್ಲಿ ಒಂದು ಕಾನೂನು ಬಂತು. 2008ರ ಮಾಡೆಲ್ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಲ್ಲೆಲ್ಲ ಇದು ಕಡ್ಡಾಯವಾಯಿತು. ಇರಬೇಕಾದ ಗಾಳಿಗಿಂತ ಶೇ 25 ಕಮ್ಮಿಯಾದರೆ ಹೊತ್ತಿಕೊಳ್ಳಬೇಕು. ನಮ್ಮಲ್ಲಿ 2020ರಲ್ಲಿ ನಿಯಮ ತಿದ್ದಿದರು. ಟ್ಯೂಬ್‌ಲೆಸ್ ಟೈರು, ಈ ದೀಪ, ಒಂದು ಪಂಚರ್ ಕಿಟ್, ಇಷ್ಟಿದ್ದರೆ ಕಾರಿನಲ್ಲಿ ಸ್ಟೆಪ್ನಿಯೇ ಬೇಕಾಗಿಲ್ಲವಂತೆ. ಇದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸ್ಟೆಪ್ನಿ ಅನ್ನುವುದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿನ ಅಣ್ಣತಮ್ಮಂದಿರು ಮೋಟಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಆ ಬೀದಿಯನ್ನು ನಮ್ಮೂರಿನ ಪಂಚರ್ ಅಂಗಡಿಯವರೆಲ್ಲ ದಿನಾ ಜಪಿಸುತ್ತಾರೆ. ಅಂಥದ್ದನ್ನು ಒಂದು ದೀಪ ನಂಬಿ ಬಿಟ್ಟುಬಿಡುವುದೇ?

ಸ್ಟೆಪ್ನಿ ಅಂದರೆ ನನಗೆ ಶಿರಾಡಿ ಘಾಟಿಯ ಬುಡದ ಗುಂಡ್ಯ ನೆನಪಾಗುತ್ತದೆ.

ನನ್ನ ಸೋದರಮಾವನದು ಒಂದು ಲಾರಿಯಿತ್ತು. ಮಂಗಳೂರಿನಿಂದ ಹಾಸನಕ್ಕೆ ಹೆಂಚು ತರುತ್ತಿದ್ದರು. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅತ್ತು ಕರೆದು ಒಂದು ಟ್ರಿಪ್ ಹೋದೆ. ಲಾರಿಗೆ ಆರು ಚಕ್ರ. ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಆ ಜೋಡಿಯಲ್ಲಿ ಒಳಗಿನ ಟೈರಿದೆಯಲ್ಲ, ಅದು ಮೋಸಗಾರ. ಗಾಳಿ ಇಳಿದರೂ ಹೊರಗಿನದು ಭಾರ ಹೊತ್ತುಕೊಂಡಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಲಾರಿ ನಿಂತಲ್ಲೆಲ್ಲ ಕ್ಲೀನರ್ ಒಂದು ಕಬ್ಬಿಣದ ರಾಡು ಹಿಡಿದು ಇಳಿಯುತ್ತಿದ್ದ. ಒಂದೊಂದಕ್ಕೂ ಒಂದೇಟು. ಗಾಳಿ ಸರಿಯಿದ್ದರೆ ಟಣ್ ಎಂದು ರಾಡು ಪುಟಿಯುತ್ತಿತ್ತು. ಕಮ್ಮಿಯಿದ್ದರೆ ದಬ್.

ಶಿರಾಡಿ ಹತ್ತುವ ಮೊದಲು ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿದರು. ರಾತ್ರಿ. ಧೋ ಎಂದು ಮಳೆ. ಕ್ಲೀನರ್ ಸುತ್ತು ಬಂದು ಎಡಗಡೆಯ ಒಳಟೈರು ದಬ್ ಅಂತಿದೆ ಅಂದ. ಮಾವ ಬಂದು ಬಡಿದರು. "ಟಣ್ ಅಂತಿದೆಯಲ್ಲೋ." ಅವನು ಮತ್ತೆ ಬಡಿದ. "ದಬ್ಬು." ಡ್ರೈವರ್ ಬಡಿದ, ಮಾವನ ಮುಖ ನೋಡಿದ, ಟಣ್ ಅಂದ. ಚಹಾದಂಗಡಿಯವರು ತಲೆಗೆ ಗೋಣಿ ಹಾಕಿಕೊಂಡು ಬಂದು ಬಡಿದರು. ದಬ್ ಅಂದರು. ಹಿಂದೆ ನಿಂತಿದ್ದ ಇನ್ನೊಂದು ಲಾರಿಯವನು ಇಳಿದು ಬಂದ. ಅವನು ಎರಡು ಸಲ ಬಡಿದು, ಟಣ್ಣೂ ಅಲ್ಲ ದಬ್ಬೂ ಅಲ್ಲ ಅಂದ. ಕೊನೆಗೆ ರಾಡು ನನ್ನ ಕೈಗೆ ಬಂತು. ಐದು ಜನ ದೊಡ್ಡವರು ಮಳೆಯಲ್ಲಿ ನಿಂತು ನನ್ನ ತೀರ್ಪಿಗೆ ಕಾದರು. ಅಂಥ ಮರ್ಯಾದೆ ಮುಂದೆ ಇಡೀ ನೌಕರಿಯಲ್ಲಿ ನನಗೆ ಸಿಗಲಿಲ್ಲ. ಬಡಿದೆ. ಮಳೆಯ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. "ದಬ್," ಅಂದೆ. ಕ್ಲೀನರ್ ನನಗೆ ಆ ಬೆಳಿಗ್ಗೆ ಬಾಳೆಹಣ್ಣು ಕೊಟ್ಟಿದ್ದ, ಅದಕ್ಕೆ.

ಒಂದೂವರೆ ಗಂಟೆ ಜಾಕ್ ಕೊಟ್ಟು, ನೆನೆದು, ಸ್ಟೆಪ್ನಿ ಹಾಕಿದರು. ಬೆಳಿಗ್ಗೆ ಸಕಲೇಶಪುರದಲ್ಲಿ ಪಂಚರ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿ ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಮಾವ ಹಾಸನದವರೆಗೆ ಕ್ಲೀನರ್ ಜೊತೆ ಮಾತಾಡಲಿಲ್ಲ. ನನ್ನ ಜೊತೆಗೂ. ಆದರೆ ಹಾಸನದಲ್ಲಿ ಹೆಂಚು ಇಳಿಸುವಾಗ ಕ್ಲೀನರ್ ನನ್ನ ಕಿವಿಯಲ್ಲಿ, "ದಬ್ಬೇ ಅಂದಿತ್ತು," ಅಂದ. ವಾಲ್ವ್ ಸಡಿಲವಿತ್ತೋ, ಅವನಿಗೇ ಭ್ರಮೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈ ಕಥೆಯನ್ನು ಯಾವುದಕ್ಕೋ ಉದಾಹರಣೆಯಾಗಿ ಹೇಳಲು ಹೊರಟಿದ್ದೆ. ಯಾವುದಕ್ಕೆ ಅನ್ನುವುದು ಗುಂಡ್ಯದ ಮಳೆಯಲ್ಲಿ ಎಲ್ಲೋ ಬಿದ್ದುಹೋಯಿತು.

ಇರಲಿ. ನಂಜನಗೂಡಿನಿಂದ ಬರುವಾಗ ಇವಳು ಲೈಟಿನ ಸಮಸ್ಯೆ ಬಗೆಹರಿಸಿಬಿಟ್ಟಳು. ವ್ಯಾನಿಟಿ ಬ್ಯಾಗಿನಿಂದ ಹಣೆಗಿಡುವ ಸ್ಟಿಕ್ಕರ್ ತೆಗೆದು, ಪಕ್ಕದ ಸೀಟಿನಿಂದಲೇ ಕೈ ಚಾಚಿ, ಮೀಟರಿನ ಗಾಜಿನ ಮೇಲೆ ಅಂಟಿಸಿದಳು. ಕುಂಕುಮದ ಬಣ್ಣ, ಸ್ವಲ್ಪ ದೊಡ್ಡದೇ. "ನೋಡಿ, ಈಗ ಕಾಣಲ್ಲ." ಅವಳಿಗೆ ಕಾಣುವುದಿಲ್ಲ, ನಿಜ. ಆದರೆ ಲೈಟು ಗಾಜಿನ ಹಿಂದೆ ಆಳದಲ್ಲಿದೆ, ನಾನು ಕೂತಿರುವ ಕೋನ ಬೇರೆ. ನನಗೆ ಲೈಟು ಮೊದಲಿನ ಹಾಗೇ ಕಾಣುತ್ತದೆ. ಮುಚ್ಚಿಹೋಗಿದ್ದು ಸ್ಪೀಡಿನ 60. ಅಂದಿನಿಂದ ನಾನು 58ರವರೆಗೆ ಮತ್ತು 63ರಿಂದ ಮೇಲೆ ಎಷ್ಟು ವೇಗದಲ್ಲಿದ್ದೇನೆ ಎಂದು ಖಚಿತವಾಗಿ ಹೇಳಬಲ್ಲೆ.

ಮಗನಿಗೆ ಹೇಳಿದರೆ ಅವನದು ಇನ್ನೊಂದು ಉಪಾಯ. ಕೆಲವರು ನಾಲ್ಕೂ ಸೆನ್ಸರ್‌ಗಳನ್ನು ಒಂದು ಪಿವಿಸಿ ಪೈಪಿನೊಳಗೆ ಹಾಕಿ, ಎರಡೂ ತುದಿ ಮುಚ್ಚಿ, ಗಾಳಿ ತುಂಬಿ ಡಿಕ್ಕಿಯಲ್ಲಿ ಇಟ್ಟುಕೊಳ್ಳುತ್ತಾರಂತೆ. ಪೈಪಿನಲ್ಲಿ ಗಾಳಿ ಸರಿಯಿದೆ, ಕಾರಿಗೆ ಸಮಾಧಾನ, ಲೈಟು ಆಫ್. ಟೈರು ನೆಲಕ್ಕೆ ಕೂತಿದ್ದರೂ ಆಫ್. ಓದಿಸಿದ್ದಕ್ಕೆ ಸಾರ್ಥಕವಾಯಿತು ಕಣೋ ಅಂದು ಫೋನಿಟ್ಟೆ.

ಹೋದ ವಾರ ಮೆಟ್ಟಿಲ ಕೆಳಗಿನ ಹಳೆಯ ಚಕ್ರಗಳಿಗೆ ಗಿರಾಕಿ ಸಿಕ್ಕಿದರು. ಮೈಸೂರಿನದೇ ಹೆಬ್ಬಾಳದ ಕಡೆಯವರು, ಅದೇ ಮಾಡೆಲ್ ಕಾರು. ಎರಡನ್ನು ಡಿಕ್ಕಿಗೆ, ಎರಡನ್ನು ಹಿಂದಿನ ಸೀಟಿಗೆ ಹೇರಿಕೊಂಡು ಹೊರಟೆವು. ಸ್ವಲ್ಪ ದೂರ ಹೋಗಿರಬೇಕು. ಏನೋ ಸರಿಯಿಲ್ಲ ಅನ್ನಿಸಿತು. ನೋಡಿದರೆ ಲೈಟು ಇಲ್ಲ!

ಬದಿಗೆ ನಿಲ್ಲಿಸಿ ಇಳಿದೆ. ಇವಳು ಗಾಬರಿಯಿಂದ "ಏನಾಯ್ತ್ರೀ?" ಅಂದಳು. ಏನೂ ಇಲ್ಲ, ಲೈಟು ಹೋಯಿತು ಅಂದೆ. ಜಾಕಿನ ರಾಡು ತೆಗೆದು ನೆಲದ ಮೇಲಿನ ನಾಲ್ಕು ಚಕ್ರಕ್ಕೂ ಒಂದೊಂದು ಬಡಿದು ನೋಡಿದೆ. ಕಾರಿನ ಟೈರು ಲಾರಿ ಟೈರಿನ ಹಾಗೆ ಮಾತಾಡುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಡ್‌ಶೀಟ್ ಹೊದ್ದು ಹಳೆಯವೆರಡು ಆರಾಮಾಗಿ ಕೂತಿದ್ದವು.

ಹೆಬ್ಬಾಳದಲ್ಲಿ ನಾಲ್ಕನ್ನೂ ಇಳಿಸಿ, ದುಡ್ಡು ಎಣಿಸಿಕೊಂಡು, ಅವರು ಕೊಟ್ಟ ಕಾಫಿ ಕುಡಿದು ಹೊರಟೆವು. ಲೈಟು ವಾಪಸು ಬಂದಿದ್ದು ರಿಂಗ್ ರೋಡ್ ಸೇರಿದ ಮೇಲೆ. ಮೊದಲು ಮಿಣಮಿಣ ಅಂತು. ಇಡೀ ನಿಮಿಷ ನೋಡಿದೆ. ಆಮೇಲೆ ನಿಂತಿತು. ಬಿಸಿಲಿಗೆ ಅಂಟು ಕಿತ್ತುಕೊಂಡು ಸ್ಟಿಕ್ಕರ್ ಯಾವಾಗಲೋ ಬಿದ್ದುಹೋಗಿತ್ತು. ಇವಳು ಬ್ಯಾಗಿನೊಳಗೆ ಕೈ ಹಾಕಿ ಹುಡುಕತೊಡಗಿದಳು.

"ಈ ಸಲ ನಿಮ್ಮ ಕಡೆಯಿಂದ ನೋಡಿ ಹೇಳ್ರೀ, ಎಲ್ಲಿ ಅಂಟಿಸಲಿ?"