ಯಾರದೋ ಮಾವ, ಎಲ್ಲರ ಚೈನು

ಗಾಡಿ ಮಂಡ್ಯ ಸ್ಟೇಷನ್ ಬಿಟ್ಟು ಇನ್ನೂ ಪ್ಲಾಟ್‌ಫಾರ್ಮ್ ದಾಟಿರುವುದಿಲ್ಲ, ಬೋಗಿಯ ಮೂಲೆಯಲ್ಲೆಲ್ಲೋ 'ಸುಸ್ಸ್...' ಎಂದು ಕುಕ್ಕರಿನ ಗಾಳಿ ಬಿಟ್ಟಂಥ ಸದ್ದು. ಚಕ್ರಗಳು ಕಿರ್ರೆಂದು ಹಲ್ಲು ಕಡಿದು ನಿಂತುಬಿಡುತ್ತವೆ. ಮೈಸೂರು-ಬೆಂಗಳೂರು ಪಾಸಿನವರಿಗೆ ಇದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಸ್ಪೀಟಿನವರು ಎಲೆಯಿಂದ ಕಣ್ಣೆತ್ತದೆ "ಚೈನು" ಅನ್ನುತ್ತಾರೆ. ಕಿಟಕಿ ಪಕ್ಕದವರ ಮೊಬೈಲಿನಿಂದ 'ಸಾರ್, ಟ್ರೈನ್ ಲೇಟು' ಎಂಬ ಮೆಸೇಜು ಆಗಲೇ ಹೊರಟಿರುತ್ತದೆ. ಹೊಸದಾಗಿ ಟೈಪ್ ಮಾಡುವ ಕಷ್ಟವಿಲ್ಲ, ಮೊನ್ನೆಯದನ್ನೇ ಮತ್ತೆ ಕಳಿಸಿದರಾಯಿತು.

ಚೈನು ಎಳೆದರೆ ಇಂಜಿನ್ನಿನಲ್ಲಿ ಗಂಟೆ ಹೊಡೆಯುತ್ತದೆ, ಡ್ರೈವರು 'ಪಾಪ, ಯಾರಿಗೋ ಏನೋ ಆಯ್ತು' ಎಂದು ನಿಲ್ಲಿಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಅಷ್ಟು ಮರ್ಯಾದೆಯ ವ್ಯವಹಾರವಲ್ಲ ಅದು. ಇಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಒಂದು ಬ್ರೇಕ್ ಪೈಪು ಹೋಗಿದೆ. ಅದರೊಳಗೆ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡದ ಗಾಳಿ. ಆ ಒತ್ತಡ ಇರುವಷ್ಟು ಹೊತ್ತು ಬ್ರೇಕು ಸಡಿಲ. ಒತ್ತಡ ಇಳಿಯಿತೋ, ಪ್ರತಿ ಬೋಗಿಯ ಅಡಿಯ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿ ಬ್ರೇಕ್ ಸಿಲಿಂಡರಿಗೆ ನುಗ್ಗಿ ಚಕ್ರ ಹಿಡಿಯುತ್ತದೆ. ಚೈನು ಎಳೆಯುವುದೆಂದರೆ ಆ ಪೈಪಿನ ಗಾಳಿಗೆ ಹೊರಹೋಗುವ ಬಾಗಿಲು ತೆರೆಯುವುದು, ಅಷ್ಟೇ. ಲೋಕೋ ಪೈಲಟ್ಟಿಗೆ, ಅಂದರೆ ಡ್ರೈವರಿಗೆ, ಮುಂದಿನ ಮೀಟರಿನ ಮುಳ್ಳು ಇಳಿಯುವುದು ಕಾಣುತ್ತದೆ. ಯಾವ ಬೋಗಿ, ಯಾವ ಪುಣ್ಯಾತ್ಮ ಎಂಬುದು ಕಾಣುವುದಿಲ್ಲ.

ಅದನ್ನು ಹುಡುಕಲು ಸಿಬ್ಬಂದಿ ಕೆಳಗಿಳಿದು ನಡೆಯಬೇಕು. ಮುಂದಿನಿಂದ ಸಹಾಯಕ ಲೋಕೋ ಪೈಲಟ್, ಹಿಂದಿನಿಂದ ಗಾರ್ಡ್. (2022ರಿಂದ ಗಾರ್ಡಿನ ಹೆಸರು ಟ್ರೈನ್ ಮ್ಯಾನೇಜರ್. ಕಾಲಡಿಯ ಜಲ್ಲಿ ಮಾತ್ರ ಹಳೆಯದೇ.) ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿ ಒಂದೊಂದೂ ಸುಮಾರು 24 ಮೀಟರ್, 20 ಬೋಗಿಯ ಗಾಡಿ ಎಂದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಎಲ್ಲಿ ಗಾಳಿ ಸೋರುತ್ತಿದೆ ಎಂದು ಕಿವಿಗೊಡುತ್ತ, ಬೋಗಿಯ ಹೊರಗಿನ ಗುರುತು ನೋಡುತ್ತ ಬಂದು, ಕೀಲಿ ಹಾಕಿ ಆ ಬಾಗಿಲು ಮುಚ್ಚಬೇಕು. ಮುಚ್ಚಿದ ಕೂಡಲೇ ಹೊರಡುವಂತೆಯೂ ಇಲ್ಲ. ಪೈಪಿನ ಒತ್ತಡ ಕೊನೆಯ ಬೋಗಿಯವರೆಗೂ ಮತ್ತೆ 5ಕ್ಕೆ ಏರಬೇಕು, ಬ್ರೇಕು ಎಲ್ಲ ಕಡೆ ಬಿಟ್ಟಿರಬೇಕು. ಎಳೆದದ್ದು ಎರಡು ಸೆಕೆಂಡು, ಹೋದದ್ದು ಹತ್ತು ಹದಿನೈದು ನಿಮಿಷ.

ಎಳೆಯುವವರಲ್ಲಿ ಹಲವು ಜಾತಿ. ತೋಟದ ಹತ್ತಿರವೇ ಗಾಡಿ ನಿಲ್ಲಲಿ ಎನ್ನುವವರು, ಸ್ನೇಹಿತ ಇನ್ನೂ ಪಾರ್ಕಿಂಗಿನಲ್ಲಿದ್ದಾನೆ ಎನ್ನುವವರು, ಟವೆಲ್ಲು ಒಣಹಾಕಲು ಹೋಗಿ ಕೈತಪ್ಪಿ ಎಳೆದವರು. ಇವರನ್ನೆಲ್ಲ ಕ್ಷಮಿಸಿಬಿಡಬಹುದು. ಕ್ಷಮಿಸಲಾಗದವರು ಬೀಳ್ಕೊಡಲು ಬಂದ ಮಾವನವರು.

ಇವರು ಪ್ರಯಾಣಿಕರೇ ಅಲ್ಲ. ಇವರ ಜೇಬಿನಲ್ಲಿರುವುದು ಪ್ಲಾಟ್‌ಫಾರ್ಮ್ ಟಿಕೆಟ್ಟು, ಅದೂ ಇದ್ದರೆ. ಮಗಳು-ಅಳಿಯ ಬೆಂಗಳೂರಿಗೆ ಹೊರಟಿದ್ದಾರೆ. ಜೊತೆಗೆ ಅರ್ಧ ಮೂಟೆ ಅಕ್ಕಿ, ಕಾಯಿ ಚೀಲ, ಉಪ್ಪಿನಕಾಯಿ ಜಾಡಿ. ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಮೊದಲ ನಿಮಿಷ ತಮ್ಮ ಚೀಲ ತಳ್ಳುವುದಕ್ಕೆ, ಎರಡನೆಯದು ಪರರ ಚೀಲ ಎಳೆಯುವುದಕ್ಕೆ. ಆಮೇಲೆ ಉಪದೇಶ.

"ಕಾಯಿ ಚೀಲ ಅಡ್ಡ ಮಲಗಿಸಿವ್ನಿ ಕಣವ್ವ, ಎತ್ತಿ ನಿಲ್ಲಿಸಬ್ಯಾಡ. ಅಳಿಯಂದ್ರೇ, ನೀವು ಕೆಂಗೇರೀಲಿ ಇಳೀಬ್ಯಾಡಿ, ಸೀದಾ ಸಿಟಿ ಸ್ಟೇಷನ್ನಿಗೇ ಹೋಗಿ."

"ಅಪ್ಪಾ, ಗಾಡಿ ಹೊರಡ್ತದೆ, ಇಳಿಯಪ್ಪಾ."

"ಇರವ್ವ, ಇದೆಲ್ಲಿಗೋಯ್ತದೆ."

ಬೆಂಗಳೂರಿಗೆ ಹೋಯ್ತದೆ, ಮಾವನವರೇ. ಅದರ ಕೆಲಸವೇ ಅದು. ಇಂಜಿನ್ ಕೂಗಿದ್ದು ಅವರಿಗೆ ಕೇಳಿಸುತ್ತದೆ, ಆದರೆ ಆ ಕೂಗು ಬೇರೆ ಯಾವುದೋ ಗಾಡಿಯದು. ಕಿಟಕಿಯಾಚೆ ಟೀ ಅಂಗಡಿ ಹಿಂದಕ್ಕೆ ಸರಿಯುವುದನ್ನು ಕಂಡ ಮೇಲೇ ಜ್ಞಾನೋದಯ. 'ಸೊಂಟ ಹಿಡ್ಕಂಡದೆ' ಎಂದು ಅಕ್ಕಿ ಮೂಟೆಯನ್ನು ಅಳಿಯನ ಕೈಲೇ ಎತ್ತಿಸಿದವರ ಕೈ ಚೈನಿಗೆ ಮಾತ್ರ ಥಟ್ಟನೆ ಎಟುಕುತ್ತದೆ. ಸುಸ್ಸ್...

ಇನ್ನಾದರೂ ಇಳಿದು ಓಡುತ್ತಾರೆ ಅಂದುಕೊಂಡಿರಾ? ಬಾಗಿಲವರೆಗೆ ಹೋದವರು ಮತ್ತೆ ಒಳಗೆ ಬರುತ್ತಾರೆ. "ಹೆಂಗೂ ನಿಂತದಲ್ಲ... ಹೇಳಾದೇ ಮರ್ತಿದ್ದೆ ಕಣವ್ವ, ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬ್ಯಾಡ."

ಗಾರ್ಡ್ ಬರುವ ಹೊತ್ತಿಗೆ ಮಾವನವರು ಸ್ಕೂಟರ್ ಸ್ಟಾರ್ಟ್ ಮಾಡಿರುತ್ತಾರೆ. ಹೊರಗಿನ ಗುರುತು ಬೋಗಿಯನ್ನು ತೋರಿಸೀತೇ ಹೊರತು ಆಸಾಮಿಯನ್ನಲ್ಲ. "ಯಾರ್ರೀ ಎಳೆದಿದ್ದು?" ಎಂದರೆ ಇಡೀ ಬೋಗಿ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತದೆ.

ಸಿಕ್ಕಿಬಿದ್ದರೂ ಆಗುವುದೇನು? 1989ರ ರೈಲ್ವೆ ಕಾಯ್ದೆಯ 141ನೇ ಕಲಮಿನ ಪ್ರಕಾರ, ಸಕಾರಣವಿಲ್ಲದೆ ಎಳೆದವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಸಲ ಕನಿಷ್ಠ 500 ರೂಪಾಯಿ ದಂಡ, ಮತ್ತೆ ಎಳೆದರೆ ಕನಿಷ್ಠ ಮೂರು ತಿಂಗಳು ಒಳಗೆ. 1989ರಲ್ಲಿ ಸಾವಿರ ರೂಪಾಯಿ ಎಂದರೆ ಎದೆ ಝಲ್ಲೆನ್ನುತ್ತಿತ್ತು. ಇಂದು ಸಾವಿರ ಜನರಿರುವ ಗಾಡಿಯಲ್ಲಿ ಲೆಕ್ಕ ಹಾಕಿದರೆ ತಲೆಗೆ ಒಂದು ರೂಪಾಯಿ, ಅದೂ ನಮ್ಮ ತಲೆಗೆ ಬರುವುದಿಲ್ಲ.

ಬೆಂಕಿ ಕಂಡರೆ, ಯಾರಿಗೋ ಎದೆನೋವು ಬಂದರೆ, ಮಗು ಪ್ಲಾಟ್‌ಫಾರ್ಮಿನಲ್ಲೇ ಉಳಿದರೆ ಹಿಂದೆಮುಂದೆ ನೋಡದೆ ಎಳೆಯಬೇಕು, ಅದು ಇರುವುದೇ ಅದಕ್ಕೆ. ಫ್ಯಾನು ತಿರುಗದಿದ್ದರೆ 139ಕ್ಕೆ ಫೋನು ಮಾಡಿ.

ಮಾವನವರ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಹುಟ್ಟಿದಂತಿದೆ ವಂದೇ ಭಾರತ್. 2022ರ ನವೆಂಬರ್ 11ರಂದು ನಮ್ಮ ಮೈಸೂರು-ಚೆನ್ನೈ ನಡುವೆ ಶುರುವಾಯಿತು. ಬಾಗಿಲು ತಾನಾಗಿ ಮುಚ್ಚುತ್ತದೆ. ತುರ್ತಿಗೆ ಸರಪಳಿಯ ಬದಲು ಗುಂಡಿ ಒತ್ತಿ ಲೋಕೋ ಪೈಲಟ್ ಜೊತೆ ಮಾತಾಡಬೇಕು. ಒದ್ದೆ ಚಮಚದ ವಿಷಯ ಅವರಿಗೆ ವಿವರಿಸುವುದು ಕಷ್ಟ. ಹತ್ತಿ ಸೆಲ್ಫಿ ತೆಗೆದುಕೊಂಡವರೂ ಮುಂದಿನ ನಿಲ್ದಾಣದವರೆಗೆ ಪ್ರಯಾಣಿಕರೇ. ಹಾಗೆಂದು ಅದನ್ನು ನಿಲ್ಲಿಸಲಾಗದು ಎಂದಲ್ಲ: 2023ರ ಆಗಸ್ಟಿನಲ್ಲಿ ತಿರುಪತಿ-ಸಿಕಂದರಾಬಾದ್ ವಂದೇ ಭಾರತ್‌ನ ಶೌಚಾಲಯದಲ್ಲಿ ಟಿಕೆಟ್ಟಿಲ್ಲದವನೊಬ್ಬ ಹೊಗೆ ಬಿಟ್ಟ, ಬೆಂಕಿಯೆಂದು ತಿಳಿದ ಯಂತ್ರ ಅಲಾರಾಂ ಹೊಡೆಯಿತು, ಗಾಡಿ ನಿಂತಿತು.

ಆದರೂ ಆ ಮುಚ್ಚಿದ ಗಾಜಿನ ಕಿಟಕಿ ನೋಡಿದರೆ ಒಂದು ಥರ ಆಗುತ್ತದೆ. ಸರಳಿನ ಕಿಟಕಿಯಲ್ಲಿ ಬೆರಳು ತೂರಿಸಿ, ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದು, ಐದನೇ ಹೆಜ್ಜೆಗೆ ಕೈ ಬಿಡುತ್ತಿದ್ದರು ಹಿಂದೆ. ಆ ಗಾಜಿನ ಹೊರಗೆ ನಿಂತು ಬಾಯಾಡಿಸುವ ಅಪ್ಪಂದಿರ ಮಾತು ಒಳಗೆ ಒಂದಕ್ಷರ ಕೇಳುವುದಿಲ್ಲ. ಬಹುಶಃ ಉಪ್ಪಿನಕಾಯಿಯ ಮಾತೇ ಇರಬೇಕು.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಹೊತ್ತು ತಪ್ಪಿದ ಗಾಡಿಯ ಪಾಡು ಮದುವೆ ಮನೆಯಲ್ಲಿ ಮೊದಲ ಪಂಕ್ತಿ ತಪ್ಪಿಸಿಕೊಂಡವರದ್ದು. ಎಲೆ ಖಾಲಿಯಾಗುವವರೆಗೆ ಬೆನ್ನ ಹಿಂದೆ ನಿಂತಿರಬೇಕು. ಜೋಡಿ ಹಳಿಯಿರುವ ನಮ್ಮ ಕಡೆ ಹಿಂದಿನ ಗಾಡಿಗಳು ಸಿಗ್ನಲಿನಲ್ಲಿ ಕಾಯುತ್ತವೆ. ಒಂಟಿ ಹಳಿಯ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ, 50 ಮೀಟರಿಗೆ ಒಂದು ಮೀಟರ್ ಏರುವ ಆ 55 ಕಿಲೋಮೀಟರಿನಲ್ಲಿ, ಎದುರಿನ ಗಾಡಿಯೂ ಯಡಕುಮರಿಯಲ್ಲಿ ಮಳೆ ನೋಡುತ್ತ ನಿಲ್ಲಬೇಕು. ಮಂಡ್ಯದಲ್ಲಿ ಹೋದ ಹದಿನೈದು ನಿಮಿಷ ಕೆಂಗೇರಿ ದಾಟಿ, ಬೆಂಗಳೂರಿನ ಹೊರಗೆ ಪ್ಲಾಟ್‌ಫಾರ್ಮ್ ಖಾಲಿಯಾಗಲೆಂದು ಕಾಯುವಾಗ ಅರ್ಧ ಗಂಟೆಯಾಗಿರುತ್ತದೆ.

ಆಫೀಸಿನ ಹೆಬ್ಬೆಟ್ಟಿನ ಯಂತ್ರ ಅಷ್ಟು ಹೊತ್ತಿಗೆ ಅರ್ಧ ದಿನದ ರಜೆ ಕಡಿದಿರುತ್ತದೆ. ಅರ್ಜಿ ಬರೆಯೋಣವೆಂದರೆ 'ಕಾರಣ' ಎಂಬ ಜಾಗದಲ್ಲಿ ಆರೇ ಆಯ್ಕೆ. ಜ್ವರ ಇದೆ, ಮದುವೆ ಇದೆ, ಸ್ವಂತ ಮಾವನವರು ತೀರಿಕೊಂಡರೂ ರಜೆ ಇದೆ. ಪರರ ಮಾವನವರು ಗಟ್ಟಿಮುಟ್ಟಾಗಿದ್ದಾರೆ ಎಂಬುದಕ್ಕೆ ಮಾತ್ರ ಇಲ್ಲ.