ಭೇಟಿಗೆ 41 ರೂಪಾಯಿ 66 ಪೈಸೆ

ಆಶಾ ಕಾರ್ಯಕರ್ತೆಯರು ಮತ್ತೆ ಧರಣಿ ಕೂರುತ್ತಾರೆಂಬ ಸುದ್ದಿಯನ್ನು ಕೊಪ್ಪಳದಲ್ಲಿ ಈಗ ಯಾರೂ ಎರಡನೆಯ ಸಾಲಿನವರೆಗೆ ಓದುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕನ್ನು ಗುಲಾಬಿ ಸೀರೆಗಳು ತುಂಬಿದ್ದು, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೊಡುತ್ತೇವೆಂದು ಮುಖ್ಯಮಂತ್ರಿಗಳು ಭರವಸೆ ಕೊಟ್ಟದ್ದು, ಆ ಹತ್ತು ಸಾವಿರ ಎಲ್ಲಿ ಎಂದು ಕೇಳುತ್ತ ಅವರೇ ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಇಳಿದದ್ದು ಎಲ್ಲರಿಗೂ ತಿಳಿದ ಕಥೆಯೇ. ಇದರಲ್ಲಿ ಸರ್ಕಾರದ ತಪ್ಪೇನೂ ಕಾಣುವುದಿಲ್ಲ. ಏಪ್ರಿಲ್ ಎಂದು ಹೇಳಿದ್ದು ನಿಜ. ಏಪ್ರಿಲ್ ಪ್ರತಿ ವರ್ಷವೂ ಬರುತ್ತದೆ.

ಆಶಾ ಕಾರ್ಯಕರ್ತೆ ಕಾರ್ಮಿಕಳಲ್ಲ, ಸ್ವಯಂಸೇವಕಿ ಎಂಬ ಸೂಕ್ಷ್ಮವನ್ನು ಮೊದಲು ಅರಿಯಬೇಕು. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲಿಯ ಕೆಲಸ 1948ರ ಕನಿಷ್ಠ ವೇತನ ಕಾಯ್ದೆಯ ಮೂಲ ಪಟ್ಟಿಯಲ್ಲೇ ಇತ್ತು; ಬೀಡಿ ಕಟ್ಟುವವಳ ಕೆಲಸವೂ ಇತ್ತು. ಎಣಿಕೆಯ ಮೇಲೆ ಕೂಲಿ ಪಡೆಯುವವರ ಗಳಿಕೆ ಒಂದು ಮಟ್ಟಕ್ಕಿಂತ ಕೆಳಗಿಳಿಯದಂತೆ ಖಾತರಿ ದರವನ್ನು ನಿಗದಿಪಡಿಸುವುದಕ್ಕೂ ಆ ಕಾಯ್ದೆಯಲ್ಲಿ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೂ ಪಟ್ಟಿಯನ್ನೇ ಕಿತ್ತುಹಾಕಿ, ನೌಕರರೆಲ್ಲರಿಗೂ ಕನಿಷ್ಠ ವೇತನ ಎಂದು ಘೋಷಿಸಿತು. ಬೀಡಿಯಂತೆಯೇ ಎಣಿಕೆ ಲೆಕ್ಕದಲ್ಲಿ ಹಣ ಪಡೆಯುವ ಆಶಾ ಕಾರ್ಯಕರ್ತೆ ಮಾತ್ರ ನೌಕರಳಲ್ಲವಾದ್ದರಿಂದ, ಆಕೆಯ ಮುಂದೆ ವೇತನದ ಮಾತೆತ್ತಿ ಸೇವಾಭಾವಕ್ಕೆ ಅಪಚಾರ ಮಾಡಲು ಇಲಾಖೆಗೆ ಮನಸ್ಸು ಬರುವುದಿಲ್ಲ.

ಕನಿಷ್ಠ ವೇತನದ ಲೆಕ್ಕವೇ ಒಂದು ರಸವತ್ತಾದ ಸಂಗತಿ. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ಒಬ್ಬ ದುಡಿಯುವವನ ಸಂಸಾರವನ್ನು ಮೂರು ಬಳಕೆ ಘಟಕಗಳೆಂದು, ಅಂದರೆ ಮೂವರು ವಯಸ್ಕ ಗಂಡಸರ ಊಟದಷ್ಟೆಂದು, ಎಣಿಸಿತು. ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6 ಎಂದು ಆ ಮೂರನ್ನು ಬಿಡಿಸಿ ಹೇಳುವುದು ವಾಡಿಕೆ. ನಾಲ್ವರಿಗೂ ಸೇರಿ ವರ್ಷಕ್ಕೆ 72 ಗಜ ಬಟ್ಟೆಯೂ ಮಂಜೂರಾಯಿತು. ತಲೆಗೆ 18 ಗಜವೆಂದರೆ ನಮ್ಮ ಕಡೆ ಒಂಬತ್ತು ಗಜದ ಇಳಕಲ್ ಸೀರೆ ಉಡುವವರಿಗೆ ಎರಡು ಸೀರೆ ಆದವು. ಕುಪ್ಪಸದ ಕಣವನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು. ಹೆಂಗಸರ ಗಳಿಕೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದೆಂದೂ ಸಮ್ಮೇಳನ ಹೇಳಿತ್ತು. ಹೆಂಡತಿಯ ದುಡಿಮೆಯ ನೆಪದಲ್ಲಿ ಗಂಡನ ಕೂಲಿ ಕಡಿಯದಿರಲಿ ಎಂಬುದು ಅದರ ಉದ್ದೇಶವಾಗಿತ್ತು. ನಮ್ಮ ಸರ್ಕಾರಗಳು ಉದ್ದೇಶವನ್ನು ಮರೆತು, ಹೆಂಗಸರ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬಷ್ಟನ್ನು ಮಾತ್ರ ಅರವತ್ತು ವರ್ಷಗಳಿಗೂ ಮೀರಿ ಬಾಯಿಪಾಠ ಇಟ್ಟುಕೊಂಡಿವೆ.

ಇನ್ನು ಕೆಲಸದ ವಿಚಾರ. ಕೂಸು ಹುಟ್ಟಿದ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗಬೇಕು. ಕೈ ತೊಳೆದುಕೊಂಡು, ಕೂಸನ್ನು ಜೋಲಿಯಲ್ಲಿ ಮಲಗಿಸಿ ತೂಕದ ಮಾಪಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ನಡುವೆ ಕೂಸು ಅತ್ತರೆ ಮತ್ತೆ ಒಂದರಿಂದ. ಈ ಆರು ಭೇಟಿಗಳಿಗೆ ಒಟ್ಟು 250 ರೂಪಾಯಿ. ಭಾಗಿಸಿದರೆ ಭೇಟಿಗೆ 41 ರೂಪಾಯಿ 66 ಪೈಸೆ ಬೀಳುತ್ತದೆ. ಪೈಸೆಗಳು ಚಲಾವಣೆಯಲ್ಲಿಲ್ಲದ ಈ ಕಾಲದಲ್ಲಿ ಅವುಗಳ ಮರ್ಯಾದೆ ಉಳಿಸಿದ್ದಕ್ಕೆ ಆರೋಗ್ಯ ಇಲಾಖೆಯನ್ನು ಅಭಿನಂದಿಸಬೇಕು.

ಆದರೆ ಆ 250 ರೂಪಾಯಿಗೂ ಷರತ್ತುಗಳಿವೆ. ಜನನ ನೋಂದಣಿಯಾಗಿರಬೇಕು, ಲಸಿಕೆ ಹಾಕಿಸಿರಬೇಕು, ಮತ್ತು 42ನೆಯ ದಿನದವರೆಗೆ ತಾಯಿ ಮಗು ಇಬ್ಬರೂ ಸುರಕ್ಷಿತವಾಗಿರಬೇಕು ಎಂದು ಕೇಂದ್ರದ 2011ರ ಮಾರ್ಗಸೂಚಿ ಬರೆದಿಟ್ಟಿದೆ. ರಕ್ತವಿಲ್ಲದೆ ಬಿಳಿಚಿಕೊಂಡ ಬಾಣಂತಿಯೊಬ್ಬಳು 30ನೆಯ ದಿನ ತೀರಿಕೊಂಡರೆ ಮೇಲಿನ ಯಾವ ಅಧಿಕಾರಿಯ ತಿಂಗಳ ಸಂಬಳವೂ ನಿಲ್ಲುವುದಿಲ್ಲ. ಅವಳ ಮನೆಗೆ ಬಿಸಿಲಲ್ಲಿ ಐದು ಸಲ ನಡೆದು ಹೋಗಿ ಬಂದವಳ ದುಡ್ಡು ಮಾತ್ರ ಷರತ್ತಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬರೆದವರು ಓದಿದವರು, ಸಹಿ ಹಾಕಿದವರು ಇನ್ನೂ ಹೆಚ್ಚು ಓದಿದವರು. ಇದರಲ್ಲಿ ವಿಡಂಬನೆ ಮಾಡುವುದಕ್ಕೆ ನನಗೇನೂ ಉಳಿದಿಲ್ಲ. ಇದು ನಾಚಿಕೆಗೇಡು, ಅಷ್ಟೇ.

ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಸರ್ಕಾರವೇ ಹೂಡಿದ್ದ ಮೇಲ್ಮನವಿಯಲ್ಲಿ. ಅವರಿಗೆ ಕೊಡುವ ಗೌರವಧನವೂ ವೇತನವೇ, ಗ್ರಾಚ್ಯುಟಿ ಕೊಡಬೇಕು ಎಂದು ಅದೇ ನ್ಯಾಯಾಲಯ ಹೇಳುವಷ್ಟರಲ್ಲಿ 2022 ಬಂದಿತ್ತು. ಆಶಾ ಕಾರ್ಯಕರ್ತೆಯರಿಗೂ ಅಂಥದೊಂದು ತೀರ್ಪು ಬರಲೆಂದು ಸರ್ಕಾರವೇನೋ ಹದಿನಾರು ವರ್ಷ ಆರಾಮವಾಗಿ ಕಾಯಬಲ್ಲದು. ಅವರು ಕಾಯುವಂತಿಲ್ಲ, ಏಕೆಂದರೆ 60 ತುಂಬಿದ ಕೂಡಲೇ ಅವರನ್ನು ಮನೆಗೆ ಕಳುಹಿಸಲಾಗುತ್ತಿದೆ. ನೌಕರರೇ ಅಲ್ಲದವರಿಗೆ ನಿವೃತ್ತಿಯ ವಯಸ್ಸು ಯಾವ ಕಾಯ್ದೆಯಿಂದ ಬಂತೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಿ ತಿಳಿಸಿದರೆ ಉಪಕಾರವಾಗುತ್ತದೆ.