ಒಂದು ಚೊಂಬಿನ ಮಡಿ

ತ್ರಿಶೂರಿನ ಕಡೆ ದೇವಸ್ಥಾನಕ್ಕೆ ಹೊರಟವರು ಮೊದಲು ಇಳಿಯುವುದು ಕುಳಕ್ಕೆ, ಅಂದರೆ ಕಲ್ಯಾಣಿಗೆ. ಮೂರು ಮುಳುಗು ಹಾಕಿ, ಒದ್ದೆ ಮುಂಡನ್ನೇ ಹಿಂಡಿ ಉಟ್ಟು ಒಳಗೆ ಹೋಗುವವರು ಈಗಲೂ ಇದ್ದಾರೆ. ಕೋಲಾರದವರು ಇದನ್ನು ನೋಡಿದರೆ ಭಕ್ತಿಗಿಂತ ಮುಂಚೆ ಹೊಟ್ಟೆಕಿಚ್ಚು ಹುಟ್ಟುತ್ತದೆ. ಇಲ್ಲಿ, ತ್ರಿಶೂರಿನಲ್ಲಿ, ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ನಮ್ಮ ಕೋಲಾರದಲ್ಲಿ 700ರ ಆಸುಪಾಸು. ವರ್ಷವಿಡೀ ಹರಿಯುವ ಹೊಳೆ ಕೋಲಾರಕ್ಕೂ ಇಲ್ಲ, ಚಿಕ್ಕಬಳ್ಳಾಪುರಕ್ಕೂ ಇಲ್ಲ.

‘ಇವರ ಶುದ್ಧ ನೋಡಿ, ನಮ್ಮವರದು ಬರೀ ನೀರು ಚಿಮುಕಿಸೋದು’ ಎಂದು ಇಲ್ಲಿನ ಕನ್ನಡಿಗರೇ ಹೇಳುವುದುಂಟು. ನಾನು ಒಪ್ಪುವುದಿಲ್ಲ. ನಮ್ಮದು ಸಡಿಲ ಮಡಿಯಲ್ಲ, ಬರದ ಸೀಮೆಯ ಮಡಿ. ಅದಕ್ಕೆ ಶಾಸ್ತ್ರವೇ ಜಾಗ ಬಿಟ್ಟಿದೆ. ನೀರಲ್ಲಿ ಮುಳುಗಿದರೆ ವಾರುಣ ಸ್ನಾನ. ಭಸ್ಮ ಹಚ್ಚಿಕೊಂಡರೆ ಆಗ್ನೇಯ. ಬಿಸಿಲು ಮಳೆ ಒಟ್ಟಿಗೆ ಬಂದಾಗ ನೆನೆದರೆ ದಿವ್ಯ. ‘ಆಪೋಹಿಷ್ಠಾ’ ಹೇಳಿ ಪ್ರೋಕ್ಷಿಸಿಕೊಂಡರೆ ಮಂತ್ರಸ್ನಾನ. ಹಸುಗಳ ಗೊರಸಿನ ಧೂಳು ಮೈಮೇಲೆ ಬಿದ್ದರೆ ವಾಯವ್ಯ. (ಹಾಲಿಗೆ ಹೆಸರಾದ ಕೋಲಾರದಲ್ಲಿ ಈ ಕೊನೆಯದು ಸಲೀಸಾಗಬೇಕಿತ್ತು. ಆದರೆ ಸೀಮೆಹಸು ಕೊಟ್ಟಿಗೆ ಬಿಟ್ಟು ಹೊರಗೆ ಬಂದರೆ ತಾನೆ!) ಇವೆಲ್ಲ ಕಾಯಿಲೆಯವರಿಗೆ, ನೀರಿಲ್ಲದ ಹೊತ್ತಿಗೆ, ಸೋಮಾರಿಗಳಿಗಲ್ಲ.

ನಿಜವಾದ ಇಕ್ಕಟ್ಟು ಬೇರೆ ಇದೆ. ಪೂಜೆಗೆ ನಿನ್ನೆಯ ನೀರು ಆಗದು, ಅದು ಪರ್ಯುಷಿತ, ತಂಗಳು. ಗಂಗಾಜಲಕ್ಕೆ ಮಾತ್ರ ಈ ದೋಷವಿಲ್ಲ. ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುವ ಬೀದಿಯಲ್ಲಿ ಹೊಸ ನೀರು ಎಲ್ಲಿಂದ ತರುವುದು? ಅಲ್ಲಿ ಕೈಹಿಡಿಯುವುದು ಕಲಶ ಪೂಜೆ. ಚೊಂಬಿಗೆ ಗಂಧ, ಅಕ್ಷತೆ, ಹೂ, ತುಳಸಿ ಹಾಕಿ, ಬಲ ಅಂಗೈ ಮುಚ್ಚಿ, ‘ಗಂಗೇ ಚ ಯಮುನೇ ಚೈವ’ ಎಂದು ಏಳು ನದಿಗಳನ್ನು ಕರೆಯುವುದು. ಪಾಲಾರ್, ಪೆನ್ನಾರ್ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸುತ್ತಮುತ್ತ. ಆ ಏಳರಲ್ಲಿ ಅವುಗಳ ಹೆಸರಿಲ್ಲ ಎಂಬುದು ನನ್ನ ಸಣ್ಣ ತಕರಾರು.

ನೀರು ಕಡಿಮೆಯಾದಷ್ಟೂ ಕೈಯ ಶಿಸ್ತು ಬಿಗಿಯಾಗಬೇಕು. ಆಚಮನವನ್ನೇ, ಅಂದರೆ ಪೂಜೆಗೆ ಮುಂಚೆ ಮಂತ್ರ ಹೇಳಿ ಅಂಗೈಯ ನೀರು ಕುಡಿಯುವುದನ್ನೇ, ನೋಡಿ. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂತು, ನಡುವಿನ ಮೂರು ಬೆರಳು ಜೋಡಿಸಿ, ಹೆಬ್ಬೆರಳು ಕಿರುಬೆರಳು ಬಿಡಿಸಿದರೆ ಅಂಗೈ ಹಸುವಿನ ಕಿವಿಯಂತೆ ಗುಳಿಯಾಗುತ್ತದೆ. ಅದರಲ್ಲಿ ಒಂದು ಉದ್ದಿನ ಕಾಳು ಮುಳುಗುವಷ್ಟೇ ನೀರು. ಕೇಶವ, ನಾರಾಯಣ, ಮಾಧವ ಎಂದು ಮೂರು ಸಲ, ಹೆಬ್ಬೆರಳ ಬುಡದಿಂದ, ಸದ್ದಿಲ್ಲದೆ. ತಪ್ಪುವುದು ಇಲ್ಲೇ. ಉದ್ಧರಣೆ (ಪೂಜೆಯ ಚಮಚ) ತುಂಬ ಸುರಿದುಕೊಂಡರೆ ಮೊಣಕೈವರೆಗೆ ಸೋರುತ್ತದೆ. ಬೆರಳ ತುದಿಯಿಂದ ಹೀರುವವರೂ ಇದ್ದಾರೆ. ಅದು ದೇವತೀರ್ಥ, ದೇವರಿಗೆ ಬಿಡುವ ದಾರಿ. ಗೀಸರಿನ ಬಿಸಿನೀರೂ ಸಲ್ಲದು, ನೊರೆ ಗುಳ್ಳೆ ಇರುವ ನೀರೂ ಸಲ್ಲದು. ಟ್ಯಾಂಕರ್ ನೀರು ನಲ್ಲಿಯಲ್ಲಿ ಬುರುಗೆದ್ದು ಬಂದರೆ ತಂಬಿಗೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು.

ಬಟ್ಟೆಯ ಮಾತು ಚಿಕ್ಕದು. ಹತ್ತಿ ಬಟ್ಟೆಯಾದರೆ ದಿನಾ ಒಗೆದು, ಯಾರೂ ಮುಟ್ಟದ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಬೇಕು. ರೇಷ್ಮೆಗೆ ದಿನಾ ಒಗೆತ ಬೇಕಿಲ್ಲ. ನೀರಿಲ್ಲದ ಊರುಗಳಲ್ಲಿ ಪಟ್ಟೆಮಡಿ ಉಳಿದುಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಕೇರಳದ ಬಿಗಿಯೆಲ್ಲ ಬಾಗಿಲಲ್ಲಿ. ಬಹಳಷ್ಟು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚಬೇಕು. ಬಲಿಕಲ್ಲು ತುಳಿಯಬಾರದು. ಗಂಧ, ಹೂವನ್ನು ಬಾಳೆಯೆಲೆ ಚೂರಿನಲ್ಲಿಟ್ಟು, ಕೈಗೆ ಕೈ ತಾಗದ ಹಾಗೆ ಮೇಲಿನಿಂದ ಬಿಡುತ್ತಾರೆ. ಚೊಕ್ಕಟವೇನೋ ಹೌದು, ಗದ್ದಲವೂ ಕಡಿಮೆ. ಆದರೆ ಮುಟ್ಟದಿರುವುದೇ ಶುದ್ಧ ಎಂಬ ಲೆಕ್ಕ ಎಲ್ಲಿಗೆ ಮುಟ್ಟಿತ್ತೆಂದು ಎಲ್ಲ ಜಾತಿಯವರಿಗೂ ದೇವಸ್ಥಾನ ತೆರೆಯಲಿ ಎಂದು ನಡೆದ ಗುರುವಾಯೂರಿನ 1931ರ ಸತ್ಯಾಗ್ರಹವೇ ಹೇಳುತ್ತದೆ. ಅಂಗಿ ಕಳಚುವ ಪದ್ಧತಿ ಬಿಡಬೇಕೆಂಬ ಮಾತು 2024ರ ಡಿಸೆಂಬರ್ ಕೊನೆಗೆ ನಾರಾಯಣ ಗುರುಗಳ ಶಿವಗಿರಿ ಮಠದ ವೇದಿಕೆಯಿಂದಲೇ ಬಂತು. ಈ ವಿಷಯದಲ್ಲಿ ನನಗೆ ಮಾಲೂರಿನ ಚಿಕ್ಕ ತಿರುಪತಿಯೇ ಹತ್ತಿರ: ಎಲ್ಲರ ತಲೆಗೂ ಅದೇ ಶಠಾರಿ; ಸ್ನಾನ ಆಯಿತಾ ಎಂದು ಸಾಲಿನಲ್ಲಿ ಯಾರೂ ಕೇಳುವುದಿಲ್ಲ. ಹಾಗೆಂದು ನಮ್ಮೂರು ಮುಟ್ಟು-ಮೈಲಿಗೆ ತೊಳೆದುಕೊಂಡಿದೆ ಎಂದು ಹೇಳುತ್ತಿಲ್ಲ. ಹಳ್ಳಿಗಳ ಗುಡಿಬಾಗಿಲಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಈಗ ಕೋಲಾರದ ಎದುರು ಕೇರಳದವರಿಗೆ ಬಾರದ ಪ್ರಶ್ನೆಯೊಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಲಕ್ಷ್ಮೀಸಾಗರ ಕೆರೆಯಿಂದ ಶುರು. ಉದ್ದೇಶ ಅಂತರ್ಜಲ ಏರಿಸುವುದು. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬುದು ರೈತರ ಒತ್ತಾಯ. ತುಂಬಿದ ಕೆರೆ ಕಂಡು ಗಂಗೆಪೂಜೆ ಮಾಡಬಹುದೆ, ಕಲಶಕ್ಕೆ ತುಂಬಿಸಬಹುದೆ?

ಸ್ಮೃತಿಯ ಅಳತೆ ಸರಳ: ನೆಲದಲ್ಲಿ ನಿಂತ ನೀರು ಒಂದು ಹಸುವಿನ ಬಾಯಾರಿಕೆ ತೀರುವಷ್ಟಿರಬೇಕು, ಹೊಲಸು ಬೆರೆತಿರಬಾರದು, ಬಣ್ಣ ವಾಸನೆ ರುಚಿ ಕೆಟ್ಟಿರಬಾರದು. ಮೊದಲನೆಯದರಲ್ಲಿ ಈ ಕೆರೆಗಳು ಪಾಸು, ಎರಡನೆಯದರಲ್ಲಿ ಇಲ್ಲ. ಮಣ್ಣಿನಲ್ಲಿ ಇಳಿದು ಬೋರ್‌ವೆಲ್‌ನಲ್ಲಿ ಮೇಲೆ ಬಂದ ನೀರನ್ನು ಮೂಗಿಗೂ ನಾಲಿಗೆಗೂ ಒಪ್ಪಿಸಿ ಬಳಸಲಿ. ಕೆರೆಗೆ ಬಾಗಿನ ಬಿಡುವವರು ಬಿಡಲಿ, ಗಣಪತಿಯನ್ನೂ ಬಿಡಲಿ. ಕಲಶಕ್ಕೆ ಮಾತ್ರ ಕೋಲಾರದ ಪಕ್ಕದ ಶತಶೃಂಗ ಬೆಟ್ಟ ಹತ್ತಿ, ಅಂತರಗಂಗೆಯ ಚಿಲುಮೆ ಸುರಿಯುವ ಕಲ್ಲಿನ ಬಸವನ ಬಾಯಿಗೆ ಚೊಂಬು ಹಿಡಿಯುವುದೇ ವಾಸಿ. ಹತ್ತುವಾಗ ಕೋತಿಗಳಿವೆ, ಹಣ್ಣುಕಾಯಿ ಚೀಲ ಕೈಯಲ್ಲಿ ತೂಗಾಡದಿರಲಿ.